ಪಂಚೆಯ ಮೇಲೆ ಶಿರಾಜ್

ನನ್ನ ಬಿಳಿ ಪಂಚೆ ಬಕೆಟ್ಟಿನಲ್ಲಿ ನೆನೆಯಲು ಶುರುವಾಗಿ ಇವತ್ತಿಗೆ ಮೂರು ದಿನ. ಉಪ್ಪು ಹಾಕಿದ್ದಾಯಿತು, ನಿಂಬೆಹೋಳು ಉಜ್ಜಿದ್ದಾಯಿತು, ಟಿವಿಯಲ್ಲಿ ಕುಣಿದು ತೋರಿಸುವ ಪುಡಿಯೂ ಆಯಿತು. ಕೆಂಪು ಹೋಗಿ ಬೂದು ನೇರಳೆಗೆ ಬಂದು ನಿಂತಿದೆ. ಸರಿಯಾಗಿ ತೊಡೆಯ ಮೇಲೆ, ಶ್ರೀಲಂಕಾದ ಆಕಾರದಲ್ಲಿ. ಕಾರಣ, ನನ್ನ ಷಡ್ಡಕರು.

ಮೊದಲು ಅವರು ಹೀಗಿರಲಿಲ್ಲ. ಆಫೀಸಿನವರ ಜೊತೆ ನಂದಿಬೆಟ್ಟದ ತಪ್ಪಲಿನ ವೈನರಿಯೊಂದನ್ನು ನೋಡಿ ಬಂದ ಮೇಲೆ ಕೈಗೆ ಸಿಕ್ಕ ಲೋಟವನ್ನೆಲ್ಲ ವೈನ್ ಪರೀಕ್ಷಿಸುವವರ ಹಾಗೆ ತಿರುಗಿಸುವ ಚಾಳಿ ಹತ್ತಿದೆ. ನೀರು ಕೊಟ್ಟರೂ ತಿರುಗಿಸುತ್ತಾರೆ. ಮಜ್ಜಿಗೆ ಕೊಟ್ಟರೆ ಗರಗರ ತಿರುಗಿಸಿ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಮೂಗು ಒಳಗಿಟ್ಟು, ಕಣ್ಣು ಮುಚ್ಚಿ, ಅರ್ಧ ನಿಮಿಷದ ಮೇಲೆ "ಹಿಂಗು..." ಎಂದರು. ಹಿಂಗು ಹಾಕಿದ ನನ್ನ ಹೆಂಡತಿ ಎದುರಿಗೇ ನಿಂತಿದ್ದಳು. ಮೊನ್ನೆ ಸತ್ಯನಾರಾಯಣ ಪೂಜೆಯಲ್ಲಿ ಅಂಗೈಯೊಳಗಿನ ತೀರ್ಥವನ್ನೂ ಒಂದು ಸುತ್ತು ತಿರುಗಿಸಿದರು. ಪುರೋಹಿತರು ನೋಡಿಯೂ ನೋಡದವರಂತೆ ಉದ್ಧರಣೆಯನ್ನು ಪಕ್ಕದವರ ಕಡೆಗೆ ಒಯ್ದರು.

ಭಾನುವಾರ ಮನೆಯಲ್ಲಿ ಮುದ್ದೆ, ಮಟನ್ ಸಾರು. ಷಡ್ಡಕರು ಶಿರಾಜ್ ಅನ್ನುವ ಕೆಂಪು ವೈನಿನ ಬಾಟಲಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಗ್ರೋವರ್ ಕುಟುಂಬದವರು 1988ರಲ್ಲಿ ನಂದಿ ಕಡೆ ವೈನ್ ಕಂಪನಿ ಶುರು ಮಾಡಿದ್ದರಿಂದ ಹಿಡಿದು ಪೂರ್ತಿ ಪುರಾಣ ಬಾಗಿಲಲ್ಲೇ ಮುಗಿಯಿತು. ನಾನು ಬಾಟಲಿಯನ್ನು ಫ್ರಿಜ್ಜಿಗಿಡಲು ಹೋದೆ.

"ಅಯ್ಯೋ ಬ್ರದರ್, ರೆಡ್ ವೈನ್‌ನ ರೂಮ್ ಟೆಂಪರೇಚರಲ್ಲೇ ಕುಡೀಬೇಕು!"

ಆ ಮಾತಿನಲ್ಲಿರುವ ರೂಮು ಯೂರೋಪಿನ ಹಳೇ ಕಾಲದ ತಣ್ಣನೆ ರೂಮು. 16ರಿಂದ 18 ಡಿಗ್ರಿ. ನಮ್ಮದು ಏಪ್ರಿಲ್ ತಿಂಗಳ, ಮೂರನೇ ಮಹಡಿಯ, ಮೇಲೆ ಬರೀ ಶೀಟಿರುವ ರೂಮು. ಊಟಕ್ಕೆ ಕೂರುವ ಹೊತ್ತಿಗೆ ವೈನು ಕಷಾಯದ ಹದಕ್ಕೆ ಬಂದಿತ್ತು.

"ಮಾಂಸದ ಕೊಬ್ಬಿಗೂ ವೈನಿನ ಟ್ಯಾನಿನ್ನಿಗೂ ಹೇಳಿ ಮಾಡಿಸಿದ ಜೋಡಿ" ಎಂದರು. ಇರಬಹುದು. ಆ ಜೋಡಿಗೆ ಜಾತಕ ನೋಡಿದವರು ಗುಂಟೂರು ಮೆಣಸಿನಕಾಯಿ ಕಂಡಿರಲಿಲ್ಲ. ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಇನ್ನೂ ಏರುತ್ತದೆ. ಷಡ್ಡಕರು ಸಾರಲ್ಲಿ ಅದ್ದಿದ ಮುದ್ದೆ ನುಂಗಿ, ಮೇಲೊಂದು ಗುಟುಕು ಶಿರಾಜ್ ಇಳಿಸಿದರು. ಕಿವಿ ಕೆಂಪಾಯಿತು. ಹಣೆಯಿಂದ ಬೆವರು. ನೀರು ಕೇಳಿದರೆ ಮರ್ಯಾದೆ ಹೋಗುತ್ತದಲ್ಲ, ಲೋಟ ಎತ್ತಿ ತಿರುಗಿಸತೊಡಗಿದರು. "ಇದರಲ್ಲಿ ಕಾಳುಮೆಣಸಿನ ಒಂದು..." ಎನ್ನುವಷ್ಟರಲ್ಲಿ ಬಿಕ್ಕಳಿಕೆ ಬಂತು. ಲೋಟ ತಿರುಗುತ್ತಲೇ ಇತ್ತು. ವೈನು ಮಾತ್ರ ಹೊರಟು ನನ್ನ ಪಂಚೆಗೆ ಬಂದಿತ್ತು.

ಇಷ್ಟಾದರೂ ಟ್ಯಾನಿನ್ ಪಾಠ ನಿಲ್ಲಲಿಲ್ಲ. ಅಮ್ಮ ಕೊನೆಗೆ, "ಒಗರು ಅನ್ನಿ, ಸಾಕು" ಎಂದು ಇನ್ನೊಂದು ಮುದ್ದೆ ಬಡಿಸಿದಳು.

ಒಗರು ಅಂದಾಗ ನನಗೆ ದೇವನಹಳ್ಳಿ ಕಡೆಯ ನಮ್ಮ ಅಜ್ಜನ ತೋಟ ನೆನಪಾಯಿತು. ಕಲ್ಲುಕಂಬದ ಚಪ್ಪರದ ತುಂಬ ನೀಲಿ ದ್ರಾಕ್ಷಿ. 2013ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ, ಸಿಕ್ಕಿ 'ಬೆಂಗಳೂರು ಬ್ಲೂ' ಎಂದು ದೊಡ್ಡ ಮನುಷ್ಯನಾಯಿತಲ್ಲ, ಅದೇ. ಹಿಚುಕಿದರೆ ಒಳಗಿನ ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತಿತ್ತು. ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. "ಸಿಪ್ಪೆ ಒಗರು, ಬಿಸಾಕು" ಅನ್ನುತ್ತಿದ್ದಳು ಅಜ್ಜಿ. ಕೆಂಪು ವೈನಿನ ಬಣ್ಣವೆಲ್ಲ ಇರುವುದು ಸಿಪ್ಪೆಯಲ್ಲಂತೆ. ಒಗರೂ ಅಲ್ಲೇ, ಮತ್ತೆ ಬೀಜದಲ್ಲಿ. ಹಾಗಾದರೆ ಒಂದು ವೈನರಿಗಾಗುವಷ್ಟು ಮಾಲನ್ನು ನಾವು ಮೊಮ್ಮಕ್ಕಳು ಆ ಪಾತಿಗಳಿಗೇ ಉಗುಳಿದ್ದೇವೆ. ಈಗ ಅಲ್ಲಿ ಸೈಟುಗಳಾಗಿವೆ. ಒಂದೆರಡು ಕಲ್ಲುಕಂಬ ಇನ್ನೂ ನಿಂತಿವೆ, ಯಾರದೋ ಕಾಂಪೌಂಡಿಗೆ.

ನಿನ್ನೆ ಪಂಚೆ ಹಿಂಡುತ್ತಾ ಅಮ್ಮ ಸಮಾಧಾನ ಹೇಳಿದಳು: "ಹಣ್ಣಿನ ಕಲೆ ಅಲ್ವೇನೋ, ಆ ಹಣ್ಣಿನ ಕಾಲ ಮುಗಿದರೆ ತಾನೇ ಹೋಗುತ್ತೆ." ಆಮೇಲೆ ನೆನಪಾಯಿತು, ನಮ್ಮ ನೀಲಿ ದ್ರಾಕ್ಷಿ ವರ್ಷಕ್ಕೆ ಎರಡು ಫಸಲು. ಈ ಶಿರಾಜಿನದು ಎಷ್ಟೋ, ಷಡ್ಡಕರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಕೇಳಿದರೆ ಹೇಳುವುದಕ್ಕೆ ಮನೆಗೇ ಬರುತ್ತಾರೆ.