ಶಿವಮೊಗ್ಗಕ್ಕೊಬ್ಬ ನಗರಕವಿ ಬೇಕು

ಮಳೆ ಬಂದಾಗ ಮಾತ್ರ ಕಾಣುವ ಪದ್ಯವೊಂದನ್ನು ನಾನು ಓದಿದ್ದೇನೆ.

2016ರ ಮೇ ತಿಂಗಳು. ಮಗಳ ಮನೆಗೆಂದು ಬಾಸ್ಟನ್‌ಗೆ ಹೋಗಿದ್ದೆ. ಒಂದು ದಿನ ರಾಕ್ಸ್‌ಬರಿ ಬಡಾವಣೆಯ ಡಡ್ಲಿ ಸ್ಕ್ವೇರ್‌ನಲ್ಲಿ ಬಸ್ ಬದಲಿಸಬೇಕಿತ್ತು. ಜಿಟಿಜಿಟಿ ಮಳೆ. ಜಾರಿ ಬೀಳುತ್ತೇನೇನೋ ಅಂತ ನೆಲ ನೋಡಿಕೊಂಡೇ ನಡೆಯುತ್ತಿದ್ದೆ. ಫುಟ್‌ಪಾತ್ ಮೇಲೆ ಇಂಗ್ಲಿಷ್ ಅಕ್ಷರಗಳು ಕಂಡವು. ಹಿಂದಿನ ದಿನ ಅದೇ ಜಾಗದಲ್ಲಿ ಬರೀ ಸಿಮೆಂಟು ಇತ್ತು. "ಅಮ್ಮ, ಬಸ್ ಬಂತು" ಅಂದಳು ಮಗಳು. "ಹೋಗಲಿ ಬಿಡು, ಮುಂದಿನದಕ್ಕೆ ಹೋಗೋಣ" ಅಂದೆ. ಅದು ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಪದ್ಯ. ಪುಟ್ಟದು. ಎರಡು ಸಲ ಓದಿದೆ.

ಆಮೇಲೆ ಮಗಳು ವಿಚಾರಿಸಿ ಹೇಳಿದಳು. ಅಕ್ಷರ ಕೊರೆದ ಹಾಳೆಯನ್ನು ನೆಲದ ಮೇಲಿಟ್ಟು, ನೀರು ಹಿಡಿಯದ ದ್ರಾವಣ ಸಿಂಪಡಿಸುತ್ತಾರಂತೆ. ಒಣ ನೆಲದ ಮೇಲೆ ಏನೂ ಕಾಣುವುದಿಲ್ಲ. ಮಳೆ ಬಿದ್ದರೆ ಸುತ್ತಲಿನ ಸಿಮೆಂಟು ನೆನೆದು ಕಪ್ಪಾಗುತ್ತದೆ, ಅಕ್ಷರಗಳಿರುವ ಜಾಗ ಮಾತ್ರ ಒಣಗಿಯೇ ಇರುತ್ತದೆ. ಆರೆಂಟು ವಾರದಲ್ಲಿ ತಾನಾಗಿಯೇ ಸವೆದು ಹೋಗುತ್ತದೆ. ಮಾಸ್ ಪೊಯೆಟ್ರಿ ಅನ್ನುವ ಸಂಸ್ಥೆ ನಗರಾಡಳಿತದ ಜೊತೆ ಸೇರಿ ಮಾಡಿದ ಕೆಲಸ ಇದು. ಯಾವ ಪದ್ಯ ಅಂತ ಆರಿಸಿದವರು ಬಾಸ್ಟನ್ ನಗರದ ಪೊಯೆಟ್ ಲಾರಿಯೆಟ್, ಅಂದರೆ ನಗರಕವಿ, ಡ್ಯಾನಿಯೆಲ್ ಲೆಗ್ರೋಸ್ ಜಾರ್ಜಸ್. ಕಪ್ಪು ಜನ ಹೆಚ್ಚಾಗಿರುವ ಬಡಾವಣೆಯಲ್ಲಿ ಹ್ಯೂಸ್ ಪದ್ಯ ಇಟ್ಟಿದ್ದರು. ಯಾರ ಬೀದಿಗೆ ಯಾರ ಮಾತು ಬೇಕು ಅಂತ ಊರು ಸುತ್ತಿದವರಿಗೇ ಗೊತ್ತಾಗುವುದು, ಅಲ್ವಾ?

ಈ ಡ್ಯಾನಿಯೆಲ್ ಹುಟ್ಟಿದ್ದು ಹೈಟಿ ದೇಶದಲ್ಲಿ. ವಲಸೆ ಬಂದ ಮನೆತನದ ಹುಡುಗಿ ಬಾಸ್ಟನ್ನಿನಲ್ಲಿ ಬೆಳೆದು, ಆ ಊರಿನ ಎರಡನೇ ನಗರಕವಿಯಾದರು. ಅವರಿಗಿಂತ ಮೊದಲು 2008ರಿಂದ ಸ್ಯಾಮ್ ಕಾರ್ನಿಷ್, ಅವರ ನಂತರ 2019ರಲ್ಲಿ ಪೋರ್ಶಾ ಒಲಾಯಿವೊಲಾ. ಡ್ಯಾನಿಯೆಲ್ 2025ರಲ್ಲಿ ತೀರಿಕೊಂಡರು. ಸುದ್ದಿ ಕೇಳಿದ ದಿನ ನನಗೆ ಆ ಒದ್ದೆ ಫುಟ್‌ಪಾತೇ ಕಣ್ಣಮುಂದೆ ಬಂತು.

ಇಷ್ಟು ವರ್ಷದಿಂದ ಮನಸ್ಸಿನಲ್ಲಿರುವ ಮಾತು ಈಗ ಹೇಳುತ್ತೇನೆ. ನಮ್ಮ ಶಿವಮೊಗ್ಗಕ್ಕೂ ಒಬ್ಬ ನಗರಕವಿ ಬೇಕು. ಬಿರುದು ಬೇಡ. ಕೆಲಸ ಬೇಕು.

ಬಿರುದಿಗೆ ನಮ್ಮಲ್ಲಿ ಕೊರತೆಯಿಲ್ಲ. ರಾಷ್ಟ್ರಕವಿ ಅಂತ ಕರೆಸಿಕೊಂಡವರು ಮೂವರು. 1949ರಲ್ಲಿ ಗೋವಿಂದ ಪೈ, 1964ರಲ್ಲಿ ಕುವೆಂಪು, 2006ರಲ್ಲಿ ಜಿ.ಎಸ್. ಶಿವರುದ್ರಪ್ಪ. ಕುವೆಂಪು ಬೆಳೆದ ಕುಪ್ಪಳಿ ನಮ್ಮ ತೀರ್ಥಹಳ್ಳಿ ತಾಲ್ಲೂಕು, ಜಿ.ಎಸ್.ಎಸ್. ನಮ್ಮ ಶಿಕಾರಿಪುರದ ಕಡೆಯವರು. ಮೂವರಲ್ಲಿ ಇಬ್ಬರು ನಮ್ಮ ಜಿಲ್ಲೆಯವರು ಅಂತ ತರಗತಿಯಲ್ಲಿ ಎಷ್ಟು ಸಲ ಹೆಮ್ಮೆಯಿಂದ ಹೇಳಿದ್ದೇನೋ! 2013ರ ಡಿಸೆಂಬರ್‌ನಲ್ಲಿ ಜಿ.ಎಸ್.ಎಸ್. ಹೋದ ಮೇಲೆ ಆ ಜಾಗ ವರ್ಷಗಟ್ಟಲೆ ಖಾಲಿ ಉಳಿಯಿತು. ಯಾರನ್ನು ಮಾಡಬೇಕು ಅನ್ನುವ ಜಗಳ ಆಗಾಗ ಏಳುತ್ತದೆ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ದೊಡ್ಡ ಕವಿಗೆ ಇಳಿವಯಸ್ಸಿನಲ್ಲಿ ಗೌರವ ಸಲ್ಲಬೇಕು, ಸರಿ. ಆದರೆ ನಾನು ಕೇಳುತ್ತಿರುವುದು ಓಡಾಡುವ ವಯಸ್ಸಿನ, ಓಡಾಡುವ ಮನಸ್ಸಿನ ಒಬ್ಬರನ್ನು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮಕ್ಕಳಿಗೆ ಕವಿ ಅಂದರೆ ಪಾಠದ ಕೊನೆಯ 'ಕವಿ ಪರಿಚಯ'. ಹುಟ್ಟಿದ ಊರು, ಇಸವಿ, ಕೃತಿಗಳು, ಪ್ರಶಸ್ತಿಗಳು. ನಾಲ್ಕು ಅಂಕ. ಒಂದು ಸಲ ಎಂಟನೇ ಕ್ಲಾಸಿನ ಹುಡುಗನೊಬ್ಬ, "ಮಿಸ್, ಬದುಕಿರೋ ಕವಿಗಳೂ ಇರ್ತಾರಾ?" ಅಂತ ಕೇಳಿದ. ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವನು ಒಬ್ಬ ಕವಿಯನ್ನೂ ಕಂಡಿರಲಿಲ್ಲ. ತೋರಿಸಬೇಕಾದವರು ನಾವು.

ಕವಿಗೋಷ್ಠಿ ನಡೆಯುತ್ತದಲ್ಲ ಅನ್ನುತ್ತೀರಿ. ನಡೆಯುತ್ತದೆ, ನಾನೂ ಹೋಗುತ್ತೇನೆ. ವೇದಿಕೆ ತುಂಬ ಕವಿಗಳು, ಒಬ್ಬೊಬ್ಬರಿಗೆ ಐದು ನಿಮಿಷ, ಓದಿದವರು ಹೊರಟುಬಿಡುತ್ತಾರೆ. ಕೆಳಗೆ ಕೂತವರಲ್ಲಿ ಹೆಚ್ಚಿನವರು ತಮ್ಮ ಸರದಿಗೆ ಕಾಯುವ ಕವಿಗಳೇ. ಬಸ್ಸಿಗೆ ಕಾಯುವವರು, ತರಕಾರಿ ಮಾರುವವರು, ಆಸ್ಪತ್ರೆಯ ಹೊರಗೆ ಕೂತವರು ಅಲ್ಲಿಗೆ ಬರುವುದಿಲ್ಲ. ಪದ್ಯವೇ ಅವರ ಹತ್ತಿರ ಹೋಗಬೇಕು. ಲಂಡನ್ನಿನ ಸುರಂಗ ರೈಲಿನ ಡಬ್ಬಿಗಳಲ್ಲಿ ಜಾಹೀರಾತಿನ ಪಕ್ಕ ಪದ್ಯ ಹಾಕಲು ಶುರು ಮಾಡಿದ್ದು 1986ರಲ್ಲಿ. ಎತ್ತರದ ಮನೆಯವರಿಗೂ ಕೂಲಿಯವರಿಗೂ ಅದೇ ಪದ್ಯ.

ಸ್ನೇಹಿತರೊಬ್ಬರ ಆಕ್ಷೇಪ ಬೇರೆ. ಪಾಲಿಕೆ ಸಂಬಳ ಕೊಟ್ಟರೆ ಕವಿ ಪಾಲಿಕೆಯನ್ನೇ ಹೊಗಳುತ್ತಾನೆ ಅನ್ನುತ್ತಾರೆ. ಆಸ್ಥಾನ ಕವಿಗಳ ನೆನಪು ನಮಗೆ ಹಳೆಯದು, ಭಯ ಸಹಜ. ಆದರೆ ಸ್ಯಾನ್‌ಫ್ರಾನ್ಸಿಸ್ಕೋದ ಕಥೆ ಕೇಳಿ. ಅಲ್ಲಿನ ಮೊದಲ ನಗರಕವಿ ಲಾರೆನ್ಸ್ ಫರ್ಲಿಂಗೆಟ್ಟಿ. 1998ರಲ್ಲಿ ನೇಮಕವಾದಾಗ 79 ವರ್ಷ. ಊರಿನ ಲೈಬ್ರರಿಯಲ್ಲಿ ನಿಂತು ಮಾಡಿದ ಮೊದಲ ಭಾಷಣದಲ್ಲೇ, ಮನೆ ಬಾಡಿಗೆ ಏರಿ ಕಲಾವಿದರು ಊರು ಬಿಡಬೇಕಾಗಿದೆ, ಕಾರುಗಳು ನಗರವನ್ನು ನುಂಗುತ್ತಿವೆ ಅಂದರು. ನೇಮಿಸಿದ್ದು ಮೇಯರ್. ಆದರೂ ಊರಿನ ಪರವಾಗಿ ಮಾತಾಡಿದರು. ಎರಡು ವರ್ಷದ ಅವಧಿ, ಮರುನೇಮಕ ಇಲ್ಲ, ಆಯ್ಕೆ ಸಮಿತಿಯಲ್ಲಿ ರಾಜಕಾರಣಿಗಳಿಲ್ಲ ಅಂತ ಮೊದಲೇ ಬರೆದಿಟ್ಟರೆ ನಮ್ಮಲ್ಲೂ ಹೀಗೆ ಮಾತಾಡುವವರು ಸಿಗುತ್ತಾರೆ.

ದುಡ್ಡು ಜಾಸ್ತಿ ಬೇಕಿಲ್ಲ. ಬದುಕಲು ಸಾಲುವಷ್ಟು ಗೌರವಧನ, ಗ್ರಂಥಾಲಯದಲ್ಲಿ ಒಂದು ಮೇಜು. ವಾರಕ್ಕೊಂದು ಸರ್ಕಾರಿ ಶಾಲೆ. ತಿಂಗಳಿಗೊಂದು ಭಾನುವಾರ ಯಾರು ಬೇಕಾದರೂ ತಮ್ಮ ಪದ್ಯ ತಂದು ತೋರಿಸುವಂತಿರಬೇಕು. ಉರ್ದು, ತಮಿಳು, ಕೊಂಕಣಿ, ಲಂಬಾಣಿ ಮನೆಮಾತಿನ ಮಕ್ಕಳೂ ಬರಬೇಕು. ನಮ್ಮೂರಿಗೆ ಇದು ಹೊಸದೇನಲ್ಲ. ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದ ಮೇಷ್ಟ್ರು ಕೆ.ಎಸ್. ನಿಸಾರ್ ಅಹಮದ್ ಕನ್ನಡದ ಎಷ್ಟು ದೊಡ್ಡ ಕವಿ!

ಇನ್ನು ಮಳೆ. ಬಾಸ್ಟನ್ನಿನವರು ಮಳೆ ಯಾವಾಗ ಬರುತ್ತದೋ ಅಂತ ಕಾಯಬೇಕು. ನಮಗೆ ಜೂನ್ ಹಿಡಿದರೆ ತಿಂಗಳುಗಟ್ಟಲೆ ಸುರಿಯುತ್ತದೆ. ಗೋಪಿ ಸರ್ಕಲ್, ಗಾಂಧಿ ಬಜಾರ್, ತುಂಗಾ ಸೇತುವೆ, ಎಲ್ಲಿ ಬೇಕಾದರೂ ಬರೆಯಬಹುದು.

ಪಾಲಿಕೆಗೆ ಕೊಡಲು ಒಂದು ಮನವಿ ಪತ್ರ ಬರೆದಿದ್ದೇನೆ, ಎರಡು ಪುಟ. ಶಿವಮೊಗ್ಗದ ಗೆಳೆಯರು, ನನ್ನ ಹಳೆಯ ವಿದ್ಯಾರ್ಥಿಗಳು ಓದಿ ತಿದ್ದಿ ಕೊಡಿ. ಸಹಿ ಹಾಕುವವರು ಇನ್‌ಬಾಕ್ಸ್‌ಗೆ ಬನ್ನಿ. ಬದುಕಿರೋ ಕವಿಗಳ ಬಗ್ಗೆ ಕೇಳಿದ ಆ ಹುಡುಗ ಇದನ್ನು ಓದುತ್ತಿದ್ದರೆ, ಮೊದಲ ಸಹಿ ನಿನ್ನದೇ ಆಗಲಿ ಕಣೋ.