ಹಾಸನ ತೋರಿಸ್ತೀನಿ ಬನ್ನಿ ಅಂದಿದ್ದೇ ತಪ್ಪಾಯ್ತು

ಹಾಸನದಲ್ಲಿ ಮನೆ ಇರೋದರಲ್ಲಿ ಒಂದು ಫಜೀತಿ ಇದೆ. ನೆಂಟರು ನಿಮ್ಮನ್ನ ನೋಡೋಕೆ ಬರ್ತೀವಿ ಅಂತಲೇ ಬರುತ್ತಾರೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ "ಬೇಲೂರು ಇಲ್ಲಿಂದ ಎಷ್ಟು ದೂರ?" ಅಂತ ಶುರುವಾಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ನಮ್ಮನೆ ಕಾಫಿಪುಡಿ ಖರ್ಚು ಇನ್ನೂ ಜಾಸ್ತಿಯಾಗಿದೆ.

ಈ ದಸರಾ ರಜೆಗೆ ಹುಬ್ಬಳ್ಳಿಯಿಂದ ಅಕ್ಕ, ಭಾವ, ಇಬ್ಬರು ಮಕ್ಕಳು ಬಂದರು. ನಾನೂ ಹುಮ್ಮಸ್ಸಿನಲ್ಲಿ "ಎಲ್ಲಾ ನಾನೇ ತೋರಿಸ್ತೀನಿ" ಅಂದುಬಿಟ್ಟೆ. ನಿಜ ಹೇಳಬೇಕೆಂದರೆ ನಾನು ಬೇಲೂರಿಗೆ ಹೋಗಿದ್ದು ಹೈಸ್ಕೂಲ್ ಟೂರಿನಲ್ಲಿ. ಆಗ ನೆನಪಿಟ್ಟುಕೊಂಡಿದ್ದು ಬಸ್ಸಲ್ಲಿ ಯಾರು ವಾಂತಿ ಮಾಡಿಕೊಂಡರು ಅನ್ನೋದು ಮಾತ್ರ.

ಬೇಲೂರಲ್ಲಿ ಒಬ್ಬ ಗೈಡ್ ಹತ್ತಿರ ಬಂದರೆ ಭಾವ "ಗೈಡ್ ಯಾಕಪಾ, ನೀ ಇಲ್ಲೇ ಇರಾಂವ ಅಲ್ಲೇನು?" ಅಂದರು. ಮರ್ಯಾದೆ ಪ್ರಶ್ನೆ. ವಿಷ್ಣುವರ್ಧನ ರಾಜ ಕಟ್ಟಿಸಿದ್ದು, 1117ರಲ್ಲಿ ಅಂತ ಶುರು ಮಾಡಿದೆ. ಅಲ್ಲಿಗೇ ನನ್ನ ಸರಕು ಖಾಲಿ. ಆಮೇಲೆ "ನೋಡಿ, ಕೆತ್ತನೆ ನೋಡಿ, ಎಷ್ಟು ಸೂಕ್ಷ್ಮ ಅಲ್ವಾ" ಅನ್ನುತ್ತಾ ಅರ್ಧ ಸುತ್ತು ಹಾಕಿಸಿದೆ. ಅಷ್ಟರಲ್ಲಿ ದೇವರು ಕಣ್ಣುಬಿಟ್ಟ ಹಾಗೆ ಇನ್ನೊಂದು ಗುಂಪಿನ ಗೈಡ್ ದರ್ಪಣ ಸುಂದರಿ ಎದುರು ನಿಂತು ವಿವರಿಸುತ್ತಿದ್ದರು. ನಾವು ಸುಮ್ನೆ ಆಕಾಶ ನೋಡುವವರ ಹಾಗೆ ಅವರ ಹಿಂದೆ ನಿಂತೆವು. ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರು ಅಂತ ಅವರು ಹೇಳಿದ್ದನ್ನು ನಾನು ಒಂದು ಕ್ಷಣ ಬಿಟ್ಟು ಭಾವನಿಗೆ ನನ್ನದೇ ಮಾತಿನ ಹಾಗೆ ಹೇಳುತ್ತಿದ್ದೆ. ಮೂರನೇ ಮದನಿಕೆ ಹತ್ತಿರ ಆ ಗೈಡ್ ಮಾತು ನಿಲ್ಲಿಸಿ, ತಿರುಗಿ, ಬಹಳ ವಿನಯದಿಂದ "ಸಾರ್, ಹಿಂದುಗಡೆಯವರಿಗೂ ಸರಿಯಾಗಿ ಕೇಳಿಸ್ತಿದೆಯಾ?" ಅಂದರು. ಭಾವ "ಹೂಂರಿ, ಛಲೋ ಕೇಳಸ್ತೈತಿ" ಅಂದುಬಿಟ್ಟರು. ನಾನು ಬೂಟು ಬಿಟ್ಟ ಜಾಗ ಹುಡುಕುವ ನೆಪದಲ್ಲಿ ಮಾಯವಾದೆ.

ಮಾರನೇ ದಿನ ಶ್ರವಣಬೆಳಗೊಳ. ಬೆಳಗ್ಗೆ ಬೇಗ ಹೊರಡಬೇಕು ಅಂತ ನಾನು ಹೇಳಿದ್ದೆ, ಇದನ್ನು ದಯವಿಟ್ಟು ಯಾರಾದರೂ ಬರೆದಿಟ್ಟುಕೊಳ್ಳಿ. ಆದರೆ ಆರು ಜನ ಸ್ನಾನ ಮಾಡಬೇಕು, ಗೀಸರ್ ಒಂದೇ. ದೊಡ್ಡಬೆಟ್ಟದ ಬುಡ ತಲುಪಿದಾಗ ಹನ್ನೊಂದೂಮುಕ್ಕಾಲು. ಚಪ್ಪಲಿ ಕೆಳಗೇ ಬಿಡಬೇಕು, ಅಲ್ಲಿಂದ 600ಕ್ಕೂ ಜಾಸ್ತಿ ಮೆಟ್ಟಿಲು, ಅದೂ ಬಂಡೆಯಲ್ಲೇ ಕಡಿದಿದ್ದು. ಕೆಳಗೆ ಕಾಲುಚೀಲ ಮಾರುತ್ತಾರೆ. ಅದನ್ನು ಯಾಕೆ ಮಾರುತ್ತಾರೆ ಅಂತ ಯೋಚಿಸುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ. ಭಾವ "ನಾವು ಹೊಲದಾಗ ಬರಿಗಾಲಿಲೆ ಅಡ್ಡಾಡಿದವರು" ಅಂತ ಎದೆ ಸೆಟೆಸಿದರು. ಹತ್ತುವಾಗ ಹೇಗೋ ನಡೆಯಿತು. ಮೇಲೆ ತಲುಪಿ ನಿಂತಾಗ ಬಂಡೆ ಕಾದ ಹೆಂಚು. ಭಾವ ಒಂದು ಕಾಲು ಎತ್ತಿ, ಅದನ್ನಿಟ್ಟು ಇನ್ನೊಂದು ಎತ್ತಿ, ಕೊನೆಗೆ ಅಕ್ಕನ ದುಪಟ್ಟಾ ಕೆಳಗೆ ಹಾಸಿಕೊಂಡು ಅದರ ಮೇಲೆ ನಿಂತರು. ಅಕ್ಕ ದುಪಟ್ಟಾ ಎಳೆದುಕೊಂಡಳು. ಎದುರಿಗೆ ಬಾಹುಬಲಿ, ಒಂದೇ ಕಲ್ಲಿನಲ್ಲಿ ಸುಮಾರು 58 ಅಡಿ, 981ರಲ್ಲಿ ಚಾವುಂಡರಾಯ ಮಾಡಿಸಿದ್ದು. ಕಾಲಿಗೆ, ತೋಳಿಗೆ ಬಳ್ಳಿ ಹಬ್ಬಿದರೂ ಕದಲದೆ ನಿಂತವನು. ಅವನ ಮುಂದೆ ನಾವು ಐದು ಜನ ಬಾಣಲೆಗೆ ಬಿದ್ದ ಸಾಸಿವೆ ಥರ ಸಿಡಿಯುತ್ತಿದ್ದೆವು. ಚಿಕ್ಕವಳು ಮಾತ್ರ ಡೋಲಿಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿಯನ್ನೇ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು.

ಶೆಟ್ಟಿಹಳ್ಳಿ ಚರ್ಚ್ ಅಕ್ಕನ ಆಸೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಅದು, ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಆ ಪಾಳುಗೋಡೆಗಳ ಒಳಗೆ ಕಮಾನಿನ ಕೆಳಗೆ ಯಾರೋ ನಿಂತ ಫೋಟೋ ನೋಡಿ ಅಕ್ಕ ಅದಕ್ಕೆಂದೇ ಹಳದಿ ಸೀರೆ ತಂದಿದ್ದಳು. ಹೋಗಿ ನೋಡಿದರೆ ಕಮಾನಿನ ಅರ್ಧದವರೆಗೂ ನೀರು. ಇದು ಗೊತ್ತಿರಬೇಕಿತ್ತಲ್ವಾ ಅಂತ ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಿಂದೊಮ್ಮೆ ಮುಳುಗಿದ ಚರ್ಚ್ ನೋಡಬೇಕು ಅಂತ ಮಾರ್ಚ್‌ನಲ್ಲಿ ಹೋಗಿದ್ದೆ. ಆಗ ಚರ್ಚ್ ಸುತ್ತ ದನ ಮೇಯುತ್ತಿದ್ದವು. ಅದನ್ನೀಗ ಬಾಯಿಬಿಡಲಿಲ್ಲ. ಅಕ್ಕ ದಡದಲ್ಲೇ ನಿಂತಳು, ಫೋಟೋದಲ್ಲಿ ಹಿಂದೆ ಚರ್ಚು ಹೆಬ್ಬೆರಳಷ್ಟು ಕಾಣುತ್ತದೆ. ಸೀರೆ ಚೆನ್ನಾಗಿ ಬಂದಿದೆ.

ಕೊನೆಗೆ ಸಕಲೇಶಪುರದ ಮಂಜರಾಬಾದ್ ಕೋಟೆ. ಟಿಪ್ಪು ಕಟ್ಟಿಸಿದ ಕೋಟೆ, ಎಂಟು ಮೂಲೆಯ ನಕ್ಷತ್ರದ ಆಕಾರ. ಇಡೀ ದಾರಿ ಮಕ್ಕಳಿಗೆ ನಕ್ಷತ್ರ, ನಕ್ಷತ್ರ ಅಂತ ಆಸೆ ಹುಟ್ಟಿಸಿದ್ದೆ. ಮೆಟ್ಟಿಲು ಹತ್ತಿ ಒಳಗೆ ಹೋದೆವು. ಗೋಡೆ ಇದೆ. ಆ ಕಡೆ ಇನ್ನೊಂದು ಗೋಡೆ ಇದೆ. "ಮಾಮಾ, ಸ್ಟಾರ್ ಎಲ್ಲೈತಿ?" ಅಂದ ದೊಡ್ಡವನು. ನಕ್ಷತ್ರ ಕಾಣಬೇಕಾದರೆ ಹಕ್ಕಿಯಾಗಿರಬೇಕು, ಇಲ್ಲಾ ಡ್ರೋನ್ ಇರಬೇಕು ಅಂತ ನನಗೆ ಹೊಳೆದಿದ್ದೇ ಆಗ. ಗೋಡೆ ಮೇಲೆ ಹತ್ತಿದರೆ ಒಂದೆರಡು ಮೂಲೆಯಾದರೂ ಕಾಣಬಹುದು ಅಂತ ಹತ್ತಿಸಿದೆ. ಅಷ್ಟರಲ್ಲಿ ಮಂಜು ಬಂತು. ಈ ಮಂಜು ನೋಡಿಯೇ ಟಿಪ್ಪು ಕೋಟೆಗೆ ಮಂಜರಾಬಾದ್ ಅಂತ ಹೆಸರಿಟ್ಟ ಅಂತ ಒಂದು ಮಾತಿದೆ. ಅದನ್ನು ಹೇಳೋಣ ಅಂತ ಪಕ್ಕಕ್ಕೆ ತಿರುಗಿದರೆ ಭಾವನೇ ಕಾಣಿಸಲಿಲ್ಲ. ಮಂಜಿನೊಳಗಿಂದ ದನಿ ಮಾತ್ರ ಬಂತು: "ಸಾಕಪಾ, ಇಳಿಯೋಣು."

ಅವರು ಊರಿಗೆ ಹೋದ ಎರಡು ದಿನಕ್ಕೆ ಭಾವ ಮನೆಯವರ ಗ್ರೂಪಿಗೆ ಒಂದು ಫೋಟೋ ಹಾಕಿದರು. ಎಲ್ಲಿಂದಲೋ ಇಳಿಸಿಕೊಂಡ ಡ್ರೋನ್ ಫೋಟೋ, ಹಸಿರು ಗುಡ್ಡದ ಮೇಲೆ ಮುದ್ದಾದ ನಕ್ಷತ್ರ, ಒಂದು ಮೋಡವೂ ಇಲ್ಲ. ಕೆಳಗೆ "ನಾವು ನೋಡಿದ ಕೋಟೆ" ಅಂತ ಬರೆದಿದ್ದರು. ಬೆಳಗಾವಿಯ ಚಿಕ್ಕಮ್ಮ "ಇದರಾಗ ನೀವೆಲ್ಲಿದ್ದೀರಿ?" ಅಂತ ಕೇಳಿದರು.

ಭಾವ ಉತ್ತರ ಹಾಕಿದರು: "ಮಂಜಿನ್ಯಾಗ."