ಫ್ಲ್ಯಾಶ್‌ಗೆ ಹೊಳೆಯುವ ಬೆಕ್ಕಿನ ಕಣ್ಣು: ಸತ್ಯಾಂಶ

ಮೊಬೈಲ್ ಫ್ಲ್ಯಾಶ್ ಬಿದ್ದರೆ ಬೆಕ್ಕಿನ ಕಣ್ಣು ಸುಟ್ಟುಹೋಗುತ್ತದೆ, ಫೋಟೋದಲ್ಲಿ ಕಾಣುವ ಹಸಿರು ಹೊಳಪೇ ಅದಕ್ಕೆ ಸಾಕ್ಷಿ ಎಂಬ ಮೆಸೇಜು ಆಗಾಗ ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. ಹಂಚುವವರದು ಬೆಕ್ಕಿನ ಮೇಲಿನ ಕಾಳಜಿಯೇ. ಆದರೆ ಆ ಹೊಳಪು ಗಾಯವಲ್ಲ.

ಬೆಕ್ಕಿನ ಕಣ್ಣೊಳಗೆ ಬೆಳಕನ್ನು ಗ್ರಹಿಸುವ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಹೆಸರು ಟೇಪೀಟಮ್ ಲೂಸಿಡಮ್. ಒಳಹೊಕ್ಕ ಬೆಳಕನ್ನು ಅದು ಮತ್ತೆ ಅಕ್ಷಿಪಟಲಕ್ಕೇ ತಿರುಗಿಸುತ್ತದೆ. ಹಾಗೆ ತಿರುಗಿ ಹೊರಬರುವ ಬೆಳಕೇ ಫೋಟೋದ ಹೊಳಪು. ಮಬ್ಬಿನಲ್ಲೂ ಬೆಕ್ಕು ಬೇಟೆಯಾಡುವುದಕ್ಕೆ ಇದೂ ಒಂದು ಕಾರಣ. ನಮಗೆ ಈ ಪದರವಿಲ್ಲ, ಹಾಗಾಗಿ ಫೋಟೋದಲ್ಲಿ ನಮ್ಮ ಕಣ್ಣು ಕೆಂಪಗಾಗುತ್ತದೆ.

ಪರೀಕ್ಷಿಸಲು ಬೆಕ್ಕೇ ಬೇಕಿಲ್ಲ. ರಾತ್ರಿ ಮಂಡ್ಯದ ಕಡೆ ಕಬ್ಬಿನ ಗಾಡಿ ಎದುರಾದಾಗ ಹೆಡ್‌ಲೈಟಿಗೆ ಎತ್ತುಗಳ ಕಣ್ಣು ಹೊಳೆಯುವುದನ್ನು ನೋಡಿ. ಅವು ದಿನಾ ಹಾಗೇ ನಡೆಯುತ್ತವೆ, ಕುರುಡಾಗಿಲ್ಲ. ಇನ್ನು ಮೆಸೇಜಿನಲ್ಲಿ ‘ವೈದ್ಯರು ಹೇಳಿದ್ದಾರೆ’ ಎಂದಿದ್ದರೆ ಯಾವ ವೈದ್ಯರು, ಯಾವಾಗ ಎಂದು ಹುಡುಕಿ. ಜೊತೆಗಿರುವ ಚಿತ್ರವನ್ನು ಗೂಗಲ್ ಲೆನ್ಸಿಗೆ ಹಾಕಿದರೆ ಅದು ಹಿಂದೆ ಎಲ್ಲೆಲ್ಲಿ ಬಂದಿತ್ತೆಂದು ತಿಳಿಯಬಹುದು. ಊರಿನ ಪಶು ಆಸ್ಪತ್ರೆಯಲ್ಲೂ ಕೇಳಬಹುದು.

ಹಾಗಂತ ಮೂತಿಯ ಹತ್ತಿರವೇ ಫ್ಲ್ಯಾಶ್ ಹೊಡೆಯಬೇಡಿ. ಕಣ್ಣು ಹೋಗುವುದಿಲ್ಲ, ಆದರೆ ಬೆಕ್ಕು ಬೆಚ್ಚಿಬೀಳುತ್ತದೆ. ಮುಂದಿನ ಸಲ ಫೋನು ಕಂಡರೇ ಮಂಚದ ಕೆಳಗೆ ಸೇರುತ್ತದೆ. ನಮ್ಮ ಮೈಸೂರಿನ ಹೆಂಚಿನ ಮನೆಯಲ್ಲಿ ನಾನು ಈ ತಪ್ಪು ಮಾಡಿದ್ದೇನೆ. ಈಗ ಬೆಳಿಗ್ಗೆ ಕಿಟಕಿಯ ಬಿಸಿಲು ಬೀಳುವಲ್ಲಿ, ಕ್ಲಿಕ್ ಸದ್ದು ಆಫ್ ಮಾಡಿ, ನೆಲದ ಮೇಲೆ ಸುಮ್ಮನೆ ಕೂರುತ್ತೇನೆ. ದಿಟ್ಟಿಸುವುದಿಲ್ಲ, ನಿಧಾನವಾಗಿ ಕಣ್ಣು ಮಿಟುಕಿಸುತ್ತೇನೆ. ಹತ್ತರಲ್ಲಿ ಒಂಬತ್ತು ಫೋಟೋದಲ್ಲಿ ಬಾಲವೇ ಬರುತ್ತದೆ.